ನಿಮ್ಮ ಪತ್ರ ನನ್ನ ಮೇಜಿನ ಮೇಲಿದೆ

ಸೇಂಟ್ ಒಡೀಲ್, ಮೇಯ್ನ್
ನವೆಂಬರ್ 12, 2022

ಮಾನ್ಯ ಆಶ್‌ಬಿ ಅವರಿಗೆ,

ನಾನು ಅಡೇಲ್ ಮಿಶೊ. ಈ ತಿಂಗಳ ಮೊದಲಲ್ಲಿ ನಿಮ್ಮ ಎಲ್ಡರ್‌ವೇಲ್ ಕಾಲೇಜಿಗೆ ಅರ್ಜಿ ಹಾಕಿದ್ದೇನೆ. ಹಾಕಿದ ಮೇಲೆ ಮುಗಿಯಿತು, ಇನ್ನು ಕಾಯುವುದೇ ಕೆಲಸ ಎಂದುಕೊಂಡಿದ್ದೆ. ನಮ್ಮ ಶಾಲೆಯಲ್ಲಿ ಕಾಲೇಜಿನ ವಿಷಯ ನೋಡಿಕೊಳ್ಳುವ ಲೆವೆಕ್ ಮೇಡಂ ಬಿಡಲಿಲ್ಲ. “ಅರ್ಜಿ ಹಾಕ್ಬಿಟ್ಟು ಕೈಕಟ್ಕೊಂಡು ಕೂತ್ರೆ ಆಗಲ್ಲ ಕಣೇ. ಈ ಕಾಲೇಜುಗಳಿಗೆ ಭಾರೀ ಬಿಂಕ. ನಿಂಗೆ ಅವರೇ ಬೇಕು ಅಂತ ಆಗಾಗ ಹೇಳ್ತಾನೇ ಇರ್ಬೇಕು, ಇಲ್ಲಾಂದ್ರೆ ಇವಳಿಗೆ ಬೇಡ್ವೇನೋ ಅಂದ್ಕೋತಾರೆ,” ಅಂದರು. ಕೈಬರಹದ ಪತ್ರಗಳನ್ನು ಪ್ರೀತಿಯಿಂದ ಓದುತ್ತೇವೆ ಎಂದು ನಿಮ್ಮ ಪುಸ್ತಿಕೆಯಲ್ಲೂ ಇತ್ತು. ನಮ್ಮ ಕಡೆಯ ಅರ್ಜಿಗಳನ್ನು ಓದುವವರು ನೀವೇ ಎಂದೂ ಇತ್ತು.

ಅರ್ಜಿಯಲ್ಲಿ ಒಂದು ಪ್ರಶ್ನೆ: ನಮ್ಮ ಕಾಲೇಜನ್ನು ಬಂದು ನೋಡಿದ್ದೀರಾ? ಇಲ್ಲ ಎಂದು ಬರೆದೆ. ಆ ‘ಇಲ್ಲ’ ಅಂದಿನಿಂದ ನನ್ನನ್ನು ಕೊರೆಯುತ್ತಿದೆ. ನೀವು ಎಲ್ಲರನ್ನೂ ಕರೆದ ಶನಿವಾರ ನಮ್ಮಲ್ಲಿ ಆಲೂಗಡ್ಡೆ ಕೀಳುವ ಕಾಲ. ಅದಕ್ಕಾಗಿ ಇಲ್ಲಿ ಶಾಲೆಗೇ ರಜೆ ಕೊಡುತ್ತಾರೆ. ನಾನು ಗಾನ್ಯೋ ಅವರ ಹೊಲದಲ್ಲಿ ಯಂತ್ರದ ಮೇಲೆ ನಿಂತು, ಪಟ್ಟಿಯ ಮೇಲೆ ಹರಿದುಬರುವ ಆಲೂಗಡ್ಡೆಯ ನಡುವಿನಿಂದ ಕಲ್ಲು, ಹೆಂಟೆ ಆರಿಸಿ ಎಸೆಯುತ್ತಿದ್ದೆ. ಒಬ್ಬರು ಇಳಿದರೆ ಉಳಿದವರ ಕೈ ಸಾಲದೆ ಯಂತ್ರ ನಿಲ್ಲಿಸಬೇಕಾಗುತ್ತದೆ. ಅದಕ್ಕೇ ಬರಲಾಗಲಿಲ್ಲ, ಮನಸ್ಸಿಲ್ಲದೆ ಅಲ್ಲ.

ನನಗೆ ಕಲ್ಲುಗಳ ಬಗ್ಗೆಯೇ ಓದಬೇಕು. ನಿಮ್ಮಲ್ಲಿ ಭೂವಿಜ್ಞಾನಕ್ಕೆಂದೇ ಒಂದು ಕಟ್ಟಡವಿದೆಯಂತೆ. ಹಿಮನದಿ ತಂದುಹಾಕಿದ ಬಂಡೆಯೊಂದನ್ನು ಅಲುಗಿಸಲಾಗದೆ ಅದರ ಸುತ್ತಲೇ ಗೋಡೆ ಎಬ್ಬಿಸಿದ್ದಾರಂತೆ. ಆ ಬಂಡೆಯ ಚಿತ್ರ ನನ್ನ ಹಾಸಿಗೆಯ ಪಕ್ಕದ ಗೋಡೆಯಲ್ಲಿದೆ.

ವಿಶ್ವಾಸದಿಂದ,
ಅಡೇಲ್ ಮಿಶೊ


ಎಲ್ಡರ್‌ವೇಲ್, ಮ್ಯಾಸಚೂಸೆಟ್ಸ್
ನವೆಂಬರ್ 28, 2022

ಪ್ರಿಯ ಅಡೇಲ್,

ಎಂಥ ಸೊಗಸಾದ ಪತ್ರ! ಇಂಥವು ದಿನವೂ ಬರುವುದಿಲ್ಲ. ಭೇಟಿ ನೀಡಲಾಗದ ಬಗ್ಗೆ ದಯವಿಟ್ಟು ಚಿಂತಿಸಬೇಡಿ. ಆಸಕ್ತಿಯನ್ನು ತೋರಿಸಲು ದಾರಿಗಳು ಹಲವು. ನೀವು ಈಗಾಗಲೇ ಒಂದನ್ನು ಹಿಡಿದಿದ್ದೀರಿ.

ಆ ಕಲ್ಲುಗಳ ಬಗ್ಗೆ ಇನ್ನಷ್ಟು ತಿಳಿಯುವ ಕುತೂಹಲ ನನ್ನದು. ನಿಮ್ಮ ಪತ್ರ ನನ್ನ ಮೇಜಿನ ಮೇಲಿದೆ. ಬರೆಯುತ್ತಿರಿ.

ಆತ್ಮೀಯವಾಗಿ,
ಕಾಲ್ವಿನ್ ಆಶ್‌ಬಿ
ಪ್ರವೇಶ ವಿಭಾಗ


ಸೇಂಟ್ ಒಡೀಲ್
ಡಿಸೆಂಬರ್ 5, 2022

ಮಾನ್ಯ ಆಶ್‌ಬಿ ಅವರಿಗೆ,

ನಿಮ್ಮ ಪತ್ರವನ್ನು ಮನೆಯವರೆಲ್ಲ ಓದಿದರು. ಅಮ್ಮ ಪ್ಲೋಯ್ ಹುಯ್ಯುತ್ತಿದ್ದಳು (ಬಕ್‌ವೀಟ್ ಹಿಟ್ಟಿನ ತೆಳು ರೊಟ್ಟಿ, ನಮ್ಮಲ್ಲಿ ಅದಿಲ್ಲದೆ ಊಟವಿಲ್ಲ). ಹಿಟ್ಟಿನ ಕೈಯಲ್ಲೇ ಕಾಗದ ಹಿಡಿದು, “ಮೇಜಿನ ಮೇಲಿದೆ ಅಂದ್ರೆ ಏನೇ? ಸೀಟು ಕೊಟ್ಟ ಹಾಗೇನಾ?” ಅಂದಳು. ನಾನು ಹಾಗಲ್ಲ ಅಂದೆ. ಆದರೆ ಮೂಲೆಯಲ್ಲಿರುವ ಹಿಟ್ಟಿನ ಕಲೆಯನ್ನು ಒರೆಸದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಕಲ್ಲುಗಳ ಬಗ್ಗೆ ಕೇಳಿದಿರಿ. ಚಳಿಗಾಲದಲ್ಲಿ ಇಲ್ಲಿ ಮಣ್ಣು ಆಳದವರೆಗೆ ಹೆಪ್ಪುಗಟ್ಟಿ ಉಬ್ಬುತ್ತದೆ. ಪ್ರತಿ ವಸಂತದಲ್ಲೂ ನಮ್ಮ ಹೊಲ ಹೊಸ ಕಲ್ಲುಗಳನ್ನು ಮೇಲೆ ತಳ್ಳುತ್ತದೆ. ನಾವು ಆರಿಸಿ ಹಾಕುತ್ತೇವೆ, ಅದು ಮತ್ತೆ ತಳ್ಳುತ್ತದೆ. ಯಾರ ಹಟ ದೊಡ್ಡದು ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಅಜ್ಜ, ನಾವು ಪೆಪೇರ್ ಅನ್ನುತ್ತೇವೆ, ಈ ಕಲ್ಲುಗಳಿಂದಲೇ ಹೊಲದ ಸುತ್ತ ಗೋಡೆ ಹಾಕಿದ್ದಾರೆ. “ಬೆಳೆ ಕೈಕೊಟ್ರೂ ಈ ಕಲ್ಲು ಮಾತ್ರ ಒಂದ್ ವರ್ಷನೂ ಕೈಕೊಟ್ಟಿಲ್ಲ ನೋಡು,” ಅನ್ನುತ್ತಾರೆ. ಈ ಕಲ್ಲುಗಳು ಎಲ್ಲಿಂದ ಬಂದವು, ಯಾವ ಹಿಮ ಇವನ್ನು ಎಲ್ಲಿಂದ ಹೊತ್ತು ತಂದಿತು ಎಂದು ಅವರಿಗೆ ಒಂದು ದಿನ ನಾನು ಹೇಳಬೇಕು. ಅಷ್ಟೇ ನನ್ನ ಆಸೆ.

ವಿಶ್ವಾಸದಿಂದ,
ಅಡೇಲ್


ಎಲ್ಡರ್‌ವೇಲ್
ಡಿಸೆಂಬರ್ 16, 2022

ಪ್ರಿಯ ಅಡೇಲ್,

ನಿಮ್ಮ ಅರ್ಜಿಯನ್ನು ಸಮಿತಿ ಬಹಳ ಗಮನವಿಟ್ಟು ಪರಿಶೀಲಿಸಿತು. ಅಂತಿಮ ತೀರ್ಮಾನವನ್ನು ಮಾರ್ಚ್ ತಿಂಗಳಿಗೆ ಮುಂದೂಡಲಾಗಿದೆ. ಇದು ನಿರಾಕರಣೆ ಅಲ್ಲ ಎಂಬುದನ್ನು ಒತ್ತಿ ಹೇಳಲು ಬಯಸುತ್ತೇನೆ. ಎಲ್ಡರ್‌ವೇಲ್ ಬಗ್ಗೆ ನಿಮ್ಮ ಆಸಕ್ತಿ ಹಾಗೆಯೇ ಉಳಿದಿದ್ದರೆ ಅದನ್ನು ಪತ್ರದ ಮೂಲಕ ತಿಳಿಸಬಹುದು. ಅದನ್ನು ನಿಮ್ಮ ಅರ್ಜಿಯ ಜೊತೆ ಸೇರಿಸಲಾಗುವುದು.

ಹಬ್ಬದ ಶುಭಾಶಯಗಳು.

ಕಾಲ್ವಿನ್ ಆಶ್‌ಬಿ

(ಕೈಬರಹದಲ್ಲಿ:) ಹೊಲ ಮತ್ತು ಹಟದ ಆ ಮಾತು ಅದ್ಭುತ. ಇಲ್ಲಿ ಎಲ್ಲರಿಗೂ ಓದಿ ಹೇಳಿದೆ.


ಸೇಂಟ್ ಒಡೀಲ್
ಜನವರಿ 14, 2023

ಮಾನ್ಯ ಆಶ್‌ಬಿ ಅವರಿಗೆ,

ಮುಂದೂಡಿದ್ದಕ್ಕೆ ಧನ್ಯವಾದಗಳು. ಹೀಗೆ ಬರೆಯಬೇಕೆಂದು ಲೆವೆಕ್ ಮೇಡಂ ಹೇಳಿಕೊಟ್ಟರು. ಧನ್ಯವಾದ ಯಾಕೆ ಎಂದು ಕೇಳಿದ್ದಕ್ಕೆ, “ಇಲ್ಲ ಅನ್ನಲಿಲ್ವಲ್ಲ, ಅದಕ್ಕೆ,” ಅಂದರು.

ನನ್ನ ಅಂಕಗಳ ಪಟ್ಟಿ ಇದರೊಂದಿಗಿದೆ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲು. ಶನಿವಾರಗಳಲ್ಲಿ ಆಲೂಗಡ್ಡೆ ಚೀಲ ತುಂಬುವ ಶೆಡ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ.

ಇನ್ನು ಮುಖ್ಯ ಮಾತು. ಎಲ್ಡರ್‌ವೇಲ್ ನನ್ನ ಮೊದಲ ಆಯ್ಕೆ. ನೀವು ತೆಗೆದುಕೊಂಡರೆ ನಾನು ಬಂದೇ ಬರುತ್ತೇನೆ. ಎಲ್ಲರೂ ಹೀಗೆ ಬರೆಯುತ್ತಾರಂತೆ. ಆದರೆ ನಮ್ಮ ಕಡೆ ಈ ಮಾತಿಗೆ ತೂಕ ಬೇರೆ, ಅದನ್ನು ನಿಮಗೆ ಹೇಳಬೇಕು. ಇಲ್ಲಿ ಬೇಸಿಗೆಯಲ್ಲೇ ಯಾರ ಹೊಲದಲ್ಲಿ ಕೀಳುತ್ತೀಯ ಎಂದು ಕೇಳಿ ಮಾತು ತೆಗೆದುಕೊಳ್ಳುತ್ತಾರೆ. ಒಂದು ಹೊಲಕ್ಕೆ ಮಾತು ಕೊಟ್ಟ ಮೇಲೆ ಇನ್ನೊಬ್ಬರ ಗಾಡಿ ಹತ್ತುವ ಹಾಗಿಲ್ಲ, ಎಷ್ಟೇ ಹೆಚ್ಚು ಕೊಡಲಿ. ಹತ್ತಿದವರನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ರೈತನಿಗೂ ಅದೇ ಕಟ್ಟು. ಆಳು ಬೇಡವೆಂದಾದರೆ ಕೀಳುವ ಕಾಲ ಬರುವ ಮುಂಚೆ ತಾನೇ ಮನೆಗೆ ಬಂದು ಹೇಳಿ ಹೋಗುತ್ತಾನೆ, ಆಳು ಬೇರೆ ಹೊಲ ನೋಡಿಕೊಳ್ಳಲಿ ಎಂದು. ಹೇಳದೆ ಬಿಟ್ಟವನನ್ನು ಪೆಪೇರ್ ರೈತ ಅನ್ನುವುದಿಲ್ಲ.

ನಾನು ಮಾತು ಕೊಟ್ಟಿದ್ದೇನೆ.

ಅಡೇಲ್


ಸೇಂಟ್ ಒಡೀಲ್
ಫೆಬ್ರವರಿ 20, 2023

ಮಾನ್ಯ ಆಶ್‌ಬಿ ಅವರಿಗೆ,

ಕಳೆದ ವಾರ ನಾನು ಮತ್ತು ಅಮ್ಮ ಎಲ್ಡರ್‌ವೇಲ್‌ಗೆ ಬಂದಿದ್ದೆವು. ಅರ್ಜಿಯ ಆ ‘ಇಲ್ಲ’ವನ್ನು ‘ಹೌದು’ ಮಾಡೋಣ ಎಂದು. ದಾರಿಯುದ್ದಕ್ಕೂ ಹಿಮ. ಒಂದು ಕಡೆ ಗಾಡಿ ಜಾರಿ ಚರಂಡಿಗಿಳಿಯಿತು. ಅಮ್ಮ ಸ್ಟೇರಿಂಗ್ ಮೇಲೆ ತಲೆಯಿಟ್ಟು, “ಈ ಕಾಲೇಜಿಗೆ ನಿನ್ನ ಆಸಕ್ತಿ ಸಾಲ್ದಾ, ನನ್ನ ಪ್ರಾಣನೂ ಬೇಕಾ?” ಅಂದಳು. ಆಮೇಲೆ ಇಬ್ಬರೂ ನಕ್ಕೆವು.

ನೀವು ಇರಲಿಲ್ಲ. ಫ್ಲೋರಿಡಾದ ಶಾಲೆಗಳಿಗೆ ಹೋಗಿದ್ದೀರಿ ಎಂದು ಮುಂದಿನ ಮೇಜಿನ ಹುಡುಗಿ ಹೇಳಿದಳು. ಹೆಸರು ಬರೆಸಿಕೊಂಡು ಕಾಲೇಜಿನ ಹೆಸರಿರುವ ಒಂದು ಪೆನ್ನು ಕೊಟ್ಟಳು. ಈ ಪತ್ರ ಬರೆಯುತ್ತಿರುವುದು ಅದರಲ್ಲೇ. ಚಳಿಗೆ ಮಸಿ ಸರಿಯಾಗಿ ಇಳಿಯುತ್ತಿಲ್ಲ, ಕ್ಷಮಿಸಿ.

ಬಂಡೆಯನ್ನು ಮುಟ್ಟಿದೆ. ನಮ್ಮ ಹೊಲದ ಕಲ್ಲಿನ ಜಾತಿಯದೇ ಇರಬೇಕು ಅನ್ನಿಸಿತು. ಯಾರನ್ನಾದರೂ ಕೇಳೋಣವೆಂದರೆ ಎಲ್ಲರೂ ಅವಸರದಲ್ಲಿದ್ದರು.

ಅಡೇಲ್


ಎಲ್ಡರ್‌ವೇಲ್
ಮಾರ್ಚ್ 3, 2023

ಪ್ರಿಯ ಅಡೇಲ್,

ನಿಮ್ಮನ್ನು ಭೇಟಿಯಾಗುವ ಅವಕಾಶ ತಪ್ಪಿದ್ದಕ್ಕೆ ನಿಜಕ್ಕೂ ಬೇಸರವಾಯಿತು. ನಿಮ್ಮ ಭೇಟಿಯನ್ನು ದಾಖಲಿಸಲಾಗಿದೆ.

ಒಂದು ಕೋರಿಕೆ. ಹೊಲ, ಕಲ್ಲು ಮತ್ತು ಹಟದ ಬಗ್ಗೆ ನೀವು ಬರೆದ ಸಾಲುಗಳನ್ನು ಪ್ರವೇಶ ವಿಭಾಗದ ಕೆಲಸಕ್ಕೆ ಬಳಸಿಕೊಳ್ಳಲು ನಿಮ್ಮ ಒಪ್ಪಿಗೆ ಇದೆಯೇ? ಅವು ಎಲ್ಡರ್‌ವೇಲ್‌ನ ಮನೋಭಾವವನ್ನು ಎಷ್ಟು ಚೆನ್ನಾಗಿ ಹಿಡಿದಿವೆ ಎಂದರೆ, ನೀವು ಈಗಾಗಲೇ ನಮ್ಮವರು ಅನ್ನಿಸುತ್ತದೆ.

ಆತ್ಮೀಯವಾಗಿ,
ಕಾಲ್ವಿನ್ ಆಶ್‌ಬಿ


ಸೇಂಟ್ ಒಡೀಲ್
ಮಾರ್ಚ್ 8, 2023

ಮಾನ್ಯ ಆಶ್‌ಬಿ ಅವರಿಗೆ,

ಒಪ್ಪಿಗೆ, ಒಪ್ಪಿಗೆ, ನೂರು ಸಲ ಒಪ್ಪಿಗೆ!

‘ನಮ್ಮವರು’ ಎಂಬ ಪದದ ಕೆಳಗೆ ಅಮ್ಮ ಬೆರಳಿಟ್ಟು ಮೂರು ಸಲ ಓದಿದಳು. “ನೆಂಟಸ್ತಿಕೆ ಕುದುರ್ದಂಗೇ ಆಯ್ತು ಬಿಡು,” ಅಂದರು ಪೆಪೇರ್. ರಾಜ್ಯ ವಿಶ್ವವಿದ್ಯಾಲಯದಿಂದಲೂ ಪತ್ರ ಬಂದಿದೆ. ಸೀಟು ಕೊಟ್ಟಿದ್ದಾರೆ, ಓದಿನ ಖರ್ಚೆಲ್ಲ ಅವರದೇ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ. ನಿಮ್ಮದಕ್ಕೆ ಪಕ್ಕದಲ್ಲಿ ಜಾಗ ಬಿಟ್ಟಿದ್ದೇವೆ.

ಅಡೇಲ್


ಎಲ್ಡರ್‌ವೇಲ್
ಮಾರ್ಚ್ 25, 2023

ಪ್ರಿಯ ಅರ್ಜಿದಾರರೇ,

ಈ ವರ್ಷ ಅರ್ಜಿಗಳ ಸಂಖ್ಯೆ ಹಿಂದೆಂದಿಗಿಂತ ಹೆಚ್ಚಾಗಿದ್ದು, ಅರ್ಹರೆಲ್ಲರಿಗೂ ಸ್ಥಾನ ನೀಡಲಾಗಿಲ್ಲ. ಸಮಿತಿಯು ನಿಮ್ಮನ್ನು ಕಾಯುವ ಪಟ್ಟಿಗೆ ಸೇರಿಸಲು ಸಂತೋಷಪಡುತ್ತದೆ. ಮೇ ಒಂದರೊಳಗೆ ಇತರರು ಬಿಟ್ಟುಕೊಡುವ ಸ್ಥಾನಗಳನ್ನು ಆಧರಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು. ನಿಮ್ಮ ಆಸಕ್ತಿ ಮುಂದುವರಿದಿದೆ ಎಂಬುದನ್ನು ತಿಳಿಸುತ್ತಿರಿ. ಬೇರೆಡೆ ದೊರೆತಿರುವ ಸ್ಥಾನದ ವಿಷಯ ನಿಮ್ಮ ವಿವೇಚನೆಗೆ ಬಿಟ್ಟದ್ದು.

ಪ್ರವೇಶ ವಿಭಾಗ

(ಕೈಬರಹದಲ್ಲಿ:) ಅಡೇಲ್, ಎದೆಗುಂದಬೇಡಿ. ನಿಮ್ಮ ಪತ್ರಗಳು ನನ್ನ ಮೇಜಿನ ಮೇಲೆಯೇ ಇವೆ. ಬರೆಯುತ್ತಿರಿ. ಕಾ. ಆ.


ಸೇಂಟ್ ಒಡೀಲ್
ಏಪ್ರಿಲ್ 15, 2023

ಮಾನ್ಯ ಆಶ್‌ಬಿ ಅವರಿಗೆ,

ಮನೆಯಲ್ಲಿ ದೊಡ್ಡ ಜಗಳವಾಯಿತು. ಅದಕ್ಕೇ ತಡ.

ಮೇ ಒಂದರೊಳಗೆ ವಿಶ್ವವಿದ್ಯಾಲಯಕ್ಕೆ ಬರುತ್ತೇನೋ ಇಲ್ಲವೋ ಹೇಳಬೇಕು. “ಬರ್ತೀನಿ ಅಂತ ಹೇಳಿಡೇ. ಎಲ್ಡರ್‌ವೇಲ್‌ನೋರು ಕರೆದ್ರೆ ಆಗ ಬಿಟ್ರಾಯ್ತು. ಎಲ್ರೂ ಮಾಡೋದು ಹಾಗೇ,” ಅಂದಳು ಅಮ್ಮ. ಲೆವೆಕ್ ಮೇಡಂ ಕೂಡ ಅದನ್ನೇ ಹೇಳಿದರು. “ಹಾಗಾದ್ರೆ ಎರಡು ಹೊಲಕ್ಕೆ ಮಾತು ಕೊಟ್ಟಂಗಾಗಲ್ವಾ?” ಅಂದೆ. “ಕಾಲೇಜಿಗೂ ಆಲೂಗಡ್ಡೆಗೂ ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀಯೇ, ತಿಕ್ಕಲು!” ಎಂದು ಅಮ್ಮ ತಟ್ಟೆ ಕುಕ್ಕಿದಳು. ಆಮೇಲೆ ಪೆಪೇರ್ ನನ್ನನ್ನು ಹೊರಗೆ ಕರೆದು, “ಅವನು ದೊಡ್ಡ ಮನುಷ್ಯ. ಬೇಡ ಅನ್ನೋದಾಗಿದ್ರೆ ಇಷ್ಟೊತ್ತಿಗೆ ಹೇಳ್ತಿದ್ದ,” ಅಂದರು.

ನನಗೂ ಹಾಗೆಯೇ ಅನ್ನಿಸಿತು. ನಮ್ಮ ಕಟ್ಟು ಏನೆಂದು ಜನವರಿಯಲ್ಲೇ ನಿಮಗೆ ಬರೆದಿದ್ದೇನೆ. ‘ನಮ್ಮವರು’ ಎಂದು ಬರೆದವರು ನೀವು. ನಿನ್ನೆ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲವೆಂದು ಬರೆದು, ಪತ್ರವನ್ನು ನಾನೇ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದೆ.

ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ಮೇ ಒಂದರ ಮುಂಚೆ ಒಂದು ಸಾಲು ಬರೆಯಿರಿ, ಇಲ್ಲವೇ ಫೋನ್ ಮಾಡಿ. ನಂಬರು ಅರ್ಜಿಯಲ್ಲಿದೆ. ಅಷ್ಟರೊಳಗೆ ಹೇಳಿದರೆ ವಿಶ್ವವಿದ್ಯಾಲಯದವರ ಕೈಕಾಲು ಹಿಡಿದು ಮಾತು ಬದಲಿಸಬಹುದು.

ಅಡೇಲ್


ಎಲ್ಡರ್‌ವೇಲ್
ಮೇ 8, 2023

ಪ್ರಿಯ ಅಡೇಲ್,

ಏಪ್ರಿಲ್ 15ರ ನಿಮ್ಮ ಪತ್ರಕ್ಕೆ ಧನ್ಯವಾದಗಳು. ಎಲ್ಡರ್‌ವೇಲ್ ಬಗೆಗಿನ ನಿಮ್ಮ ನಿಷ್ಠೆ ಮನಮುಟ್ಟುವಂಥದ್ದು. ಅದನ್ನು ನಿಮ್ಮ ಅರ್ಜಿಯ ಜೊತೆ ಸೇರಿಸಲಾಗಿದೆ.

ಕಾಲ್ವಿನ್ ಆಶ್‌ಬಿ


ಎಲ್ಡರ್‌ವೇಲ್
ಜೂನ್ 21, 2023

ಪ್ರಿಯ ಅರ್ಜಿದಾರರೇ,

ಈ ವರ್ಷದ ಕಾಯುವ ಪಟ್ಟಿಯನ್ನು ಮುಕ್ತಾಯಗೊಳಿಸಲಾಗಿದೆ. ನಿಮಗೆ ಸ್ಥಾನ ನೀಡಲಾಗದ್ದಕ್ಕೆ ವಿಷಾದವಿದೆ. ನೀವು ಆಯ್ದುಕೊಂಡಿರುವ ಕಾಲೇಜಿನಲ್ಲಿ ನಿಮಗೆ ಯಶಸ್ಸು ಸಿಗಲಿ.

ಪ್ರವೇಶ ವಿಭಾಗ


ಎಲ್ಡರ್‌ವೇಲ್
ಜುಲೈ 17, 2023

ಪ್ರಿಯ ಅಡೇಲ್ ಮಿಶೊ,

ನಮ್ಮ ಪ್ರವೇಶ ಪ್ರಕ್ರಿಯೆ ನಿಮಗೆ ಎಷ್ಟು ಹಿತಕರವಾಗಿತ್ತು? ಜೊತೆಗಿರುವ ಪ್ರಶ್ನೆಗಳಿಗೆ ಉತ್ತರಿಸಲು ಕೆಲವೇ ನಿಮಿಷ ಸಾಕು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಪ್ರವೇಶ ವಿಭಾಗ


ಎಲ್ಡರ್‌ವೇಲ್
ಸೆಪ್ಟೆಂಬರ್ 25, 2023

ಪ್ರಿಯ ಅಡೇಲ್,

ಬಹಳ ದಿನಗಳಿಂದ ನಿಮ್ಮಿಂದ ಪತ್ರವಿಲ್ಲ. ಕ್ಷೇಮವೆಂದು ಭಾವಿಸುತ್ತೇನೆ.

ಈ ಬಾರಿ ಬರುತ್ತೇವೆಂದಿದ್ದ ಕೆಲವರು ಕೊನೆಯ ಗಳಿಗೆಯಲ್ಲಿ ಬರಲಿಲ್ಲ. ಹೀಗಾಗಿ ಜನವರಿಯಲ್ಲಿ ಕೆಲವು ಸ್ಥಾನಗಳು ತೆರೆಯಬಹುದು. ಖಚಿತವಾಗಿ ಏನನ್ನೂ ಹೇಳಲಾರೆ. ಆದರೆ ನಿಮ್ಮ ಆಸಕ್ತಿ ಇನ್ನೂ ಮುಂದುವರಿದಿದ್ದರೆ ಒಂದು ಪತ್ರ ಬರೆಯಿರಿ.

ಆತ್ಮೀಯವಾಗಿ,
ಕಾಲ್ವಿನ್ ಆಶ್‌ಬಿ


ಸೇಂಟ್ ಒಡೀಲ್
ಅಕ್ಟೋಬರ್ 7, 2023

ಆಶ್‌ಬಿ ಅವರೇ,

ಈಗ ಮತ್ತೆ ಕೀಳುವ ಕಾಲ. ಕಳೆದ ವರ್ಷದ ಹಾಗೆಯೇ ಗಾನ್ಯೋ ಅವರ ಯಂತ್ರದ ಮೇಲೆ ನಿಂತಿದ್ದೇನೆ. ಅಕ್ಕಪಕ್ಕದಲ್ಲಿರುವವರೆಲ್ಲ ಶಾಲೆಯ ಮಕ್ಕಳು. “ಯಾಕೆ ಅಡೇಲಕ್ಕ, ಕಾಲೇಜಿಗೆ ಹೋಗ್ಲಿಲ್ವಾ?” ಎನ್ನುತ್ತಾರೆ. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ಕಲ್ಲು ಆರಿಸುತ್ತೇನೆ.

ಬೇಸಿಗೆಯಲ್ಲಿ ನಿಮಗೆ ಪತ್ರಗಳನ್ನು ಬರೆದೆ, ಅಂಚೆಗೆ ಹಾಕಲಿಲ್ಲ. ತುಂಬ ಬೈಗುಳವಿತ್ತು. ವಿಶ್ವವಿದ್ಯಾಲಯಕ್ಕೆ ಜೂನ್ ಕೊನೆಗೆ ಫೋನ್ ಮಾಡಿದೆ. ಪಾಪ, ಆ ಹೆಂಗಸು ಒಳ್ಳೆಯವಳು. “ಆ ಹಣ ಬೇರೆಯೋರಿಗೆ ಹೋಯ್ತಲ್ಲಮ್ಮ. ಮೇ ಮೊದಲ ವಾರ ಕೇಳಿದ್ರೂ ಏನಾದ್ರೂ ಮಾಡ್ತಿದ್ದೆ,” ಅಂದಳು. ಮೇ ಮೊದಲ ವಾರ ನಾನು ದಿನವೂ ಅಂಚೆಪೆಟ್ಟಿಗೆಯ ಹತ್ತಿರ ನಿಂತು ನಿಮ್ಮ ಸಾಲಿಗೆ ಕಾಯುತ್ತಿದ್ದೆ. ಬಾರದ್ದನ್ನೇ ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ. ನನ್ನಷ್ಟು ದಡ್ಡಿ ಈ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಲೆವೆಕ್ ಮೇಡಂ ಈಗ ಹೇಳುತ್ತಾರೆ: “ಕಾಯೋ ಪಟ್ಟಿಯಿಂದ ಅಂಥೋರು ಕರೆಯೋದು ಪೂರ್ತಿ ಫೀಸು ಕಟ್ಟೋರನ್ನ ಕಣೇ. ನಿನ್ನ ಹಾಗೆ ಫೀಸಿಗೆ ನೆರವು ಬೇಕು ಅಂದೋರಿಗೆ ಬರೀ ಮೂಗಿಗೆ ತುಪ್ಪ.” “ಮತ್ತೆ ಬರಿ ಬರಿ ಅಂತ ನನ್ನ ಯಾಕೆ ಅಟ್ಟಿದ್ರಿ?” ಅಂದೆ. “ಎಲ್ರಿಗೂ ಹಾಗೇ ಹೇಳ್ತೀನಿ. ಒಬ್ಬೊಬ್ಬರಿಗೆ ಆಗುತ್ತೆ,” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೆ ಇದೆ. ನಾನು ಕೇಳಿದ್ದು ಸೀಟಲ್ಲ, ಏಪ್ರಿಲ್‌ನಲ್ಲಿ ಒಂದು ಸಾಲು. ‘ಹುಡುಗಿ, ಅಲ್ಲಿನ ಸೀಟು ಬಿಡಬೇಡ’ ಎಂದು ಬರೆಯಲು ನಿಮಗೆ ಯಾವ ಸಮಿತಿಯ ಅಪ್ಪಣೆ ಬೇಕಿತ್ತು?

ಇನ್ನೊಂದು ಸಂಗತಿ. ಹೋದ ವಾರ ನನ್ನ ಚಿಕ್ಕಮ್ಮನ ಮಗಳು ಸೆಲೆಸ್ಟ್ ಡೈಗಲ್‌ಗೆ ನಿಮ್ಮ ಹೊಸ ಪುಸ್ತಿಕೆ ಬಂತು. ಈ ವರ್ಷ ಅವಳ ಸರದಿ. ಮೊದಲ ಪುಟ ತೆರೆದರೆ ದೊಡ್ಡ ಅಕ್ಷರದಲ್ಲಿ ನಮ್ಮ ಹೊಲ, ನಮ್ಮ ಕಲ್ಲು, ನಮ್ಮ ಹಟ. ಕೆಳಗೆ ಹೆಸರಿಲ್ಲ. ಪಕ್ಕದಲ್ಲಿ ಯಾವುದೋ ಹುಡುಗಿ ನಗುತ್ತಿದ್ದಾಳೆ, ಕೈಯಲ್ಲಿ ಮಣ್ಣೇ ಮುಟ್ಟದ ಕೈಗವಸು. ಪೆಪೇರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಹುಡುಗಿ ಬೇಡ, ಹುಡುಗಿ ಮಾತು ಬೇಕಂತೆ,” ಎಂದು ಪುಸ್ತಿಕೆಯನ್ನು ಮೇಜಿನ ಮೇಲೆ ಮಗುಚಿಟ್ಟರು. ಅವತ್ತು ನಾನು ಅತ್ತೆ. ಜೂನ್‌ನಲ್ಲೂ ಅತ್ತಿರಲಿಲ್ಲ.

ಆಸಕ್ತಿ ಇದೆಯೇ ಎಂದು ಕೇಳಿದ್ದೀರಿ. ಸುಳ್ಳು ಹೇಳಲಾರೆ, ಇದೆ. ಆ ಬಂಡೆಯ ಚಿತ್ರ ಇನ್ನೂ ಗೋಡೆಯ ಮೇಲಿದೆ. ಕೀಳಲು ಹೋಗಿ ಎರಡು ಸಲ ಕೈ ಹಿಂದೆಳೆದೆ. ಇದೆಲ್ಲ ಆದಮೇಲೂ ಅಲ್ಲಿಗೆ ಬರಬೇಕು ಅನ್ನಿಸುತ್ತದಲ್ಲ, ಅದಕ್ಕೆ ನನ್ನ ಮೇಲೇ ನನಗೆ ಅಸಹ್ಯ. ಆದರೆ ಜನವರಿಗೆ ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದು ಹೇಳಿದ್ದೇನೆ. ಈ ಸಲ ಸಾಲ ಮಾಡಿ, ಸಂಜೆಯೆಲ್ಲ ಕೆಲಸ ಮಾಡಿ ಓದಬೇಕು. ಮಾತು ಕೊಟ್ಟಾಗಿದೆ. ಇನ್ನೊಂದು ಗಾಡಿ ಹತ್ತುವುದಿಲ್ಲ.

ಸೆಲೆಸ್ಟ್ ಈಗ ನಮ್ಮ ಅಡುಗೆಮನೆಯಲ್ಲಿ ಕೂತು ನಿಮಗೇ ಪತ್ರ ಬರೆಯುತ್ತಿದ್ದಾಳೆ. ಬೇಡವೆಂದು ಬಾಯಿ ಬಡಿದುಕೊಂಡೆ. “ನಿಂಗಾಗ್ಲಿಲ್ಲ ಅಂತ ನಂಗೂ ಆಗ್ಬಾರ್ದಾ? ಹೊಟ್ಟೆಕಿಚ್ಚಿನವಳೇ!” ಅಂದಳು. ಅವಳೂ ಚೆನ್ನಾಗಿ ಬರೆಯುತ್ತಾಳೆ. ನನಗಿಂತ ಚೆನ್ನಾಗಿ. ಅವಳಿಗೊಂದು ಉಪಕಾರ ಮಾಡಿ. ಇಲ್ಲ ಎನ್ನುವುದಾದರೆ ಇಲ್ಲ ಎಂದುಬಿಡಿ. ಹೊತ್ತಿಗೆ ಮುಂಚೆ ಅನ್ನಿ.

ಇದರ ಜೊತೆಯ ಡಬ್ಬಿಯಲ್ಲಿ ಒಂದು ಕಲ್ಲಿದೆ. ಇವತ್ತು ಯಂತ್ರದ ಪಟ್ಟಿಯ ಮೇಲೆ ಬಂದದ್ದು. ಎಸೆಯಬೇಕಿತ್ತು. ನೀವು ದೂರವಿದ್ದೀರಲ್ಲ, ಅದಕ್ಕೇ ಅಂಚೆಗೆ ಹಾಕಿದ್ದೇನೆ.

ಅಡೇಲ್ ಮಿಶೊ


ಎಲ್ಡರ್‌ವೇಲ್
ಅಕ್ಟೋಬರ್ 20, 2023

ಪ್ರಿಯ ಸೆಲೆಸ್ಟ್,

ಎಂಥ ಸೊಗಸಾದ ಪತ್ರ! ಇಂಥವು ದಿನವೂ ಬರುವುದಿಲ್ಲ. ಭೇಟಿ ನೀಡಲಾಗದ ಬಗ್ಗೆ ದಯವಿಟ್ಟು ಚಿಂತಿಸಬೇಡಿ. ಆಸಕ್ತಿಯನ್ನು ತೋರಿಸಲು ದಾರಿಗಳು ಹಲವು.

ನಿಮ್ಮ ಪತ್ರ ನನ್ನ ಮೇಜಿನ ಮೇಲಿದೆ. ಹಾರಿಹೋಗದಂತೆ ನಿಮ್ಮ ಕಡೆಯದೇ ಒಂದು ಕಲ್ಲನ್ನು ಅದರ ಮೇಲೆ ಇಟ್ಟಿದ್ದೇನೆ. ಬರೆಯುತ್ತಿರಿ.

ಆತ್ಮೀಯವಾಗಿ,
ಕಾಲ್ವಿನ್ ಆಶ್‌ಬಿ
ಪ್ರವೇಶ ವಿಭಾಗ